ಡಿಫೆಂಡರ್ ಆಗಿದ್ದವನು ಕೋಚ್ ಆದದ್ದು

ನಾನು ಫುಟ್‌ಬಾಲ್‌ನಲ್ಲಿ ಸೆಂಟರ್ ಬ್ಯಾಕ್ ಆಗಿ, ಅಂದರೆ ನಮ್ಮ ಗೋಲ್ ಮುಂದೆ ನಡುವಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್ ಆಗಿ ಆಡಿದವನು. ಎದುರಾಳಿ ಸ್ಟ್ರೈಕರ್ ಎಲ್ಲಿದ್ದಾನೆ, ಚೆಂಡು ಎಲ್ಲಿದೆ, ನಮ್ಮ ಗೋಲ್ ಎಷ್ಟು ದೂರ, ಈ ಮೂರನ್ನೂ ಒಟ್ಟಿಗೆ ಗಮನದಲ್ಲಿ ಇಟ್ಟುಕೊಳ್ಳುವುದೇ ನನ್ನ ಕೆಲಸ. ಅದನ್ನು ಹೇಗೆ ಮಾಡುತ್ತೀಯ ಅಂತ ಆಡುವಾಗ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಕೋಚ್ ಆದ ಮೇಲೆ ಮೊದಲು ಎದುರಾದದ್ದೇ ಆ ಪ್ರಶ್ನೆ. ಕಾಲಿಗೆ ಗೊತ್ತಿದ್ದದ್ದನ್ನು ಇನ್ನೊಬ್ಬರಿಗೆ ಕಲಿಸುವುದು ಹೇಗೆ?

ಇನ್ನೂ ಆಡುತ್ತಿರುವಾಗಲೇ ಕೋಚಿಂಗ್ ಕೋರ್ಸ್ ಸೇರಿದೆ. ಆಡುತ್ತಿರುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ, ನಿವೃತ್ತಿಯವರೆಗೆ ಕಾಯಬೇಡಿ. ಕೋಚ್ ಆಗಲು ಬೇಕಾದ ಲೈಸೆನ್ಸ್ ಅನ್ನು ಆಯಾ ಖಂಡದ ಫುಟ್‌ಬಾಲ್ ಒಕ್ಕೂಟ ಕೊಡುತ್ತದೆ, ಏಷ್ಯಾದಲ್ಲಿ ಎಎಫ್‌ಸಿ, ಯುರೋಪಿನಲ್ಲಿ ಯುಇಎಫ್‌ಎ. ಎರಡರಲ್ಲೂ ಸಿ, ಬಿ, ಎ ದಾಟಿಕೊಂಡು ಕೊನೆಗೆ ಪ್ರೊ. ಪ್ರತಿ ಹಂತಕ್ಕೂ ಸಮಯ ಹಿಡಿಯುತ್ತದೆ. ಒಂದು ಮುಗಿಸಿ ತಂಡದ ಜೊತೆ ಕೆಲಸ ಮಾಡದೆ ಮುಂದಿನದಕ್ಕೆ ಹೋಗುವುದು ಕಷ್ಟ.

ಕೋರ್ಸ್‌ನಲ್ಲಿ ನಾನು ಎಷ್ಟು ಪಂದ್ಯ ಆಡಿದ್ದೇನೆ ಅಂತ ಯಾರೂ ಕೇಳಲಿಲ್ಲ. ನಾನು ಹಾಕಿದ ಅಭ್ಯಾಸ ನೋಡಿ ಬೋಧಕರು ಕೇಳಿದ್ದು ಬೇರೆ: ಜಾಗ ಇಷ್ಟೇ ಯಾಕೆ? ಇಲ್ಲಿ 6 ಜನ, ಅಲ್ಲಿ 4 ಜನ ಯಾಕೆ? ಆಗ ನನಗೆ ಈ ವೃತ್ತಿ ಅರ್ಥವಾಗತೊಡಗಿತು. ಜಾಗ ಚಿಕ್ಕದು ಮಾಡಿದರೆ ಚೆಂಡು ಬೇಗ ಬಿಡಲೇಬೇಕು. ದೊಡ್ಡದು ಮಾಡಿದರೆ ಓಟ ಜಾಸ್ತಿ, ಉದ್ದ ಪಾಸ್‌ಗೆ ಅವಕಾಶ. ಕೋಚ್ ಬಾಯಿಬಿಟ್ಟು ಹೇಳದಿದ್ದರೂ ಕೋನ್ ಇಟ್ಟ ಜಾಗವೇ ಅರ್ಧ ಪಾಠ ಹೇಳುತ್ತದೆ.

ನಾನು ತುಂಬಾ ದುಡಿದದ್ದು ಒಂದು ವಿಷಯದ ಮೇಲೆ, ಚೆಂಡು ಬರುವ ಮುಂಚೆ ಹಿಂದೆ ತಿರುಗಿ ನೋಡುವುದು. ಹುಡುಗರು ಚೆಂಡನ್ನೇ ನೋಡುತ್ತಾ ನಿಲ್ಲುತ್ತಾರೆ. ಪಾಸ್ ಬಂದ ಮೇಲೆ ತಲೆ ಎತ್ತುತ್ತಾರೆ, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. "ಹಿಂದೆ ನೋಡು" ಅಂತ ಸುಮ್ನೆ ಕೂಗಿದರೆ ಏನೂ ಆಗುವುದಿಲ್ಲ. ಮೊದಲಿಗೆ ಆಟಗಾರನ ಬೆನ್ನ ಹಿಂದೆ ಒಬ್ಬನನ್ನು ನಿಲ್ಲಿಸಿ, ಬಣ್ಣದ ಕೋನ್ ಎತ್ತಿಸುತ್ತಿದ್ದೆ. ಚೆಂಡು ಕಾಲಿಗೆ ತಾಗುವ ಮುಂಚೆ ಬಣ್ಣ ಹೇಳಬೇಕು. ಕತ್ತು ತಿರುಗುವ ಅಭ್ಯಾಸ ಆಯಿತು. ಆಮೇಲೆ ಕೋನ್ ತೆಗೆದು ನಿಜವಾದ ಎದುರಾಳಿಯನ್ನು ನಿಲ್ಲಿಸಿದೆ. ಅವನು ಒಮ್ಮೆ ಒತ್ತಲು ಬರುತ್ತಾನೆ, ಒಮ್ಮೆ ದೂರವೇ ಉಳಿಯುತ್ತಾನೆ. ಅವನು ಬಂದರೆ ಒಂದೇ ಟಚ್‌ನಲ್ಲಿ ವಾಪಸ್, ಬರದಿದ್ದರೆ ತಿರುಗಿ ಮುಂದಕ್ಕೆ. ನೋಡಿದ್ದು ಈಗ ನಿರ್ಧಾರವಾಗಿ ಬದಲಾಗುತ್ತದೆ. ಜೊತೆಗೆ ನಿಲುವನ್ನೂ ತಿದ್ದುತ್ತೇನೆ. ಎದೆ ಪೂರ್ತಿ ಚೆಂಡಿನ ಕಡೆಗಿದ್ದರೆ ತಿರುಗಲು ಎರಡು ಹೆಜ್ಜೆ ಬೇಕು. ಮೈಯನ್ನು ಅರ್ಧ ಓರೆ ಮಾಡಿ, ದೂರದ ಕಾಲಲ್ಲಿ ಚೆಂಡು ತೆಗೆದುಕೊಂಡರೆ ಮೊದಲ ಟಚ್‌ನಲ್ಲೇ ಮುಂದಿನ ದಾರಿ ಕಾಣುತ್ತದೆ.

ನಾನು ಆಡಿದ ಆಟವೂ ಈಗ ಹಾಗೇ ಉಳಿದಿಲ್ಲ. ಆಗ ಗೋಲ್ ಕಿಕ್ ಹೊಡೆದರೆ, ಅಂದರೆ ಎದುರಾಳಿಯ ಕಾಲಿಂದ ಚೆಂಡು ನಮ್ಮ ಗೋಲ್ ಗೆರೆ ಆಚೆ ಹೋದಾಗ ಆಟ ಮತ್ತೆ ಶುರು ಮಾಡುವ ಕಿಕ್ ಹೊಡೆದರೆ, ಚೆಂಡು ಗೋಲ್ ಮುಂದಿನ ದೊಡ್ಡ ಚೌಕ, ಪೆನಾಲ್ಟಿ ಏರಿಯಾ, ದಾಟಲೇಬೇಕಿತ್ತು. ನಾವು ಮುಂದಕ್ಕೆ ಓಡುತ್ತಿದ್ದೆವು, ಕೀಪರ್ ಉದ್ದಕ್ಕೆ ಹೊಡೆಯುತ್ತಿದ್ದ. 2019ರಲ್ಲಿ ನಿಯಮ ಬದಲಾಯಿತು. ಈಗ ಅದೇ ತಂಡದ ಆಟಗಾರರು ಏರಿಯಾ ಒಳಗೇ ಚೆಂಡು ಪಡೆಯಬಹುದು. ಆದ್ದರಿಂದ ಇಂದಿನ ಸೆಂಟರ್ ಬ್ಯಾಕ್ ಕೀಪರ್ ಪಕ್ಕದಲ್ಲೇ ನಿಂತು ಆಟ ಶುರು ಮಾಡುತ್ತಾನೆ, ಅದೂ ಎದುರಾಳಿ ಓಡಿ ಬರುತ್ತಿರುವಾಗ. ಸಹ ಆಟಗಾರ ಬೇಕಂತಲೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯಬಾರದು ಅನ್ನುವ ನಿಯಮ 1992ರಲ್ಲಿ ಬಂದಾಗಲೂ ಹೀಗೇ ಆಟದ ರೂಪವೇ ಬದಲಾಗಿತ್ತು. ನಮ್ಮ ಕಾಲದಲ್ಲಿ ಹೀಗಿತ್ತು ಅಂತ ಹೇಳುವ ಕೋಚ್, ಹುಡುಗರಿಗೆ ಹೋಗಿಬಿಟ್ಟ ಆಟವನ್ನು ಕಲಿಸುತ್ತಿರುತ್ತಾನೆ.

ಒಳ್ಳೆಯ ಆಟಗಾರನೇ ಒಳ್ಳೆಯ ಕೋಚ್ ಆಗುತ್ತಾನಾ ಅಂತ ಕೇಳುತ್ತಾರೆ. ಬ್ರೆಜಿಲ್‌ನ ಜಗಾಲೊ, ಜರ್ಮನಿಯ ಬೆಕನ್‌ಬಾವರ್, ಫ್ರಾನ್ಸ್‌ನ ದೆಶಾಂ ಆಟಗಾರರಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದವರು. ಇತ್ತ ಇಟಲಿಯ ಕೋಚ್ ಆರಿಗೊ ಸಾಕಿ ವೃತ್ತಿಪರ ಆಟಗಾರರೇ ಆಗಿರಲಿಲ್ಲ. ಅವರ ಮಿಲಾನ್ ತಂಡ 1989 ಮತ್ತು 1990ರಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಕಪ್ ಆದ ಯುರೋಪಿಯನ್ ಕಪ್ ಗೆದ್ದಿತು. ಆಡಿದ ಹೆಸರಿದ್ದರೆ ಡ್ರೆಸ್ಸಿಂಗ್ ರೂಮ್‌ನಲ್ಲಿ ಮೊದಲ ಕೆಲವು ದಿನ ಹುಡುಗರು ಕಿವಿಗೊಟ್ಟು ಕೇಳುತ್ತಾರೆ. ಆಮೇಲೆ ನಿಮ್ಮಿಂದ ತಮ್ಮ ಆಟ ಸುಧಾರಿಸುತ್ತಿದೆಯಾ ಅಂತ ಮಾತ್ರ ನೋಡುತ್ತಾರೆ. ಅದು ನ್ಯಾಯವೇ ಅಲ್ವಾ?

ಪಂದ್ಯದ ದಿನ ಗೆರೆಯ ಪಕ್ಕ ನಿಂತರೆ ಆಟ ಸರಿಯಾಗಿ ಕಾಣುವುದಿಲ್ಲ. ಕಣ್ಣಿನ ಮಟ್ಟದಿಂದ ನೋಡಿದಾಗ ಆಟಗಾರರ ಸಾಲುಗಳ ನಡುವೆ ಎಷ್ಟು ಅಂತರ ಬಿದ್ದಿದೆ ಅಂತ ತಿಳಿಯುವುದೇ ಇಲ್ಲ. ಅದಕ್ಕೇ ಸಹಾಯಕ ಕೋಚ್‌ನನ್ನು ಮೇಲೆ ಸ್ಟ್ಯಾಂಡ್‌ನಲ್ಲಿ ಕೂರಿಸುತ್ತೇನೆ. ಹಾಫ್ ಟೈಮ್ ಸಿಗುವುದು 15 ನಿಮಿಷ. ಮೊದಲ ಕೆಲವು ನಿಮಿಷ ಹುಡುಗರು ನೀರು ಕುಡಿದು ಉಸಿರು ತೆಗೆದುಕೊಳ್ಳಲಿ. ಅಷ್ಟರಲ್ಲಿ ನಾನೂ ಸಹಾಯಕನೂ ಮಾತಾಡಿಕೊಂಡು ಎರಡು ವಿಷಯ ಆರಿಸುತ್ತೇವೆ. ಮೂರನೆಯದು ಹೇಳಿದರೆ ಮೊದಲನೆಯದು ಮರೆತುಹೋಗುತ್ತದೆ.

ಇವೆಲ್ಲಕ್ಕಿಂತ ಭಾರವಾದ ಕೆಲಸ ಒಬ್ಬನನ್ನು ಆಡುವ ಹನ್ನೊಂದು ಜನರಿಂದ ಹೊರಗಿಡುವುದು. ನನ್ನನ್ನು ಹಾಗೆ ಬಿಟ್ಟಾಗ ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ನನಗೆ ಗೊತ್ತಾಗುತ್ತಿತ್ತು. ನಾನು ಹಾಗೆ ಮಾಡುವುದಿಲ್ಲ. ತಂಡ ಪ್ರಕಟಿಸುವ ಮುಂಚೆ ಅವನನ್ನು ಕರೆದು, ಪಕ್ಕ ಕೂತು, ನೇರವಾಗಿ ಹೇಳುತ್ತೇನೆ. ಕಾರಣ ಆಟದ ಭಾಷೆಯಲ್ಲೇ ಇರಬೇಕು: "ಅವರ ವಿಂಗರ್ ತುಂಬಾ ವೇಗ, ಈ ಪಂದ್ಯಕ್ಕೆ ಅವನ ಜೊತೆ ಓಡಬಲ್ಲವನು ಬೇಕು." ಸಿಟ್ಟು ಬಂದರೆ ಬರಲಿ, ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಪಂದ್ಯದ ನಂತರದ ಮೊದಲ ಅಭ್ಯಾಸದಲ್ಲಿ ನಾನು ಮೊದಲು ಹೋಗಿ ನಿಲ್ಲುವುದು ಅವನ ಹತ್ತಿರ, ಅವನಿಗೆ ಬೇಕಾದ ಒಂದು ಕೆಲಸ ಹಿಡಿದುಕೊಂಡು.