ಮನೆತನದ ವಹಿ ಬರೆಯೋದು ಹೇಗೆ: ಹೆಣ್ಣುಮಕ್ಕಳನ್ನು ಬಿಡದೆ

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ವಂಶವೃಕ್ಷ ಇದೆ. ಒಂದೇ ಹಾಳೆ, ತಲಾಟಿಯ (ಗ್ರಾಮಲೆಕ್ಕಿಗರ) ಸಹಿ, ಸಿಕ್ಕಾ. 2007ರಲ್ಲಿ ಅಜ್ಜ ತೀರಿಕೊಂಡ ಮೇಲೆ ಹೊಲಕ್ಕೆ ವಾರಸಾ (ವಾರಸುದಾರರ ಹೆಸರು) ಹಚ್ಚಲು ಮಾಡಿಸಿದ್ದು. ಯಾರು ಯಾರ ಮಗ ಅಂತ ಅದರಲ್ಲಿ ಗೊತ್ತಾಗುತ್ತದೆ. ಯಾರು ಯಾರಿಗಾಗಿ ಏನು ಬಿಟ್ಟರು ಅನ್ನೋದು ಅದರಲ್ಲಿಲ್ಲ. ಅದನ್ನು ನಾವೇ ಕೂತು ಬರೆಯಬೇಕು. ನಾನು ಎರಡು ವರ್ಷ ತೆಗೆದುಕೊಂಡು ಬರೆದೆ. ನಿಮಗೂ ಬರೆಯುವ ಆಸೆ ಇದ್ದರೆ ಹೀಗೆ ಮಾಡಿ.

ಒಂದು ದಪ್ಪ ನೋಟ್‌ಬುಕ್ ತನ್ನಿ. ಒಬ್ಬರಿಗೆ ಒಂದು ಪುಟ, ಸೊಸೆಯಂದಿರಿಗೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ. ಪೆನ್ಸಿಲ್‌ನಲ್ಲೇ ಬರೆಯಿರಿ, ಅಳಿಸೋದು ಬಹಳ ಇರುತ್ತದೆ. ಹೆಸರು ಬರೆದು ಸುಮ್ನೆ ಮುಂದೆ ಹೋಗಬೇಡಿ. ಪ್ರತಿಯೊಬ್ಬರಿಗೂ ನಾಲ್ಕು ಮಾತು ಕೇಳಿ: ಎಷ್ಟು ಓದಿದರು, ಯಾಕೆ ಬಿಟ್ಟರು? ಮದುವೆ ಎಷ್ಟನೇ ವಯಸ್ಸಿಗೆ, ಯಾರು ನಿಶ್ಚಯ ಮಾಡಿದರು? ಹೊಲ, ಮನೆ, ಬಂಗಾರದಲ್ಲಿ ಅವರಿಗೆ ಏನು ಬಂತು? ಯಾವ ಬೇನೆಯಿಂದ ತೀರಿಕೊಂಡರು?

ಕೊನೆಯದನ್ನು ಕೇಳಲು ಸಂಕೋಚ ಬೇಡ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳೋದು ನಮ್ಮಲ್ಲಿ ಮೊದಲಿನಿಂದ ಇದೆ. ಗಿಡ ಬರೆಯುತ್ತಾ ಹೋದರೆ ಕೊಂಬೆಗಳು ತಿರುಗಿ ಬಂದು ಕೂಡುತ್ತವೆ. ಹಾಗೆ ಕೂಡಿದ ಕಡೆ ಎರಡು ಗೆರೆ ಹಾಕಿ. ರಕ್ತಸಂಬಂಧದಲ್ಲಿ ಮದುವೆ ಆಗಿದೆಯೇ, ಮನೆತನದಲ್ಲಿ ಯಾವ ಬೇನೆ ಇತ್ತು ಅಂತ ಮುಂದೆ ಬಸುರಿ ಹೆಂಗಸಿಗೆ ಡಾಕ್ಟರ್ ಕೇಳಿಯೇ ಕೇಳುತ್ತಾರೆ.

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ. ನಮ್ಮ ಊರು ನವಲಗುಂದದ ಕಡೆ, ಎರೆಹೊಲದ ಸೀಮೆ. ಅಲ್ಲಿ ಕೇಳುವ ರೀತಿಯೇ ಬೇರೆ. ಗಾಂಧಿ ಸತ್ತಾಗ ನಿನಗೆ ಮದುವೆ ಆಗಿತ್ತೇ? ಎಪ್ಪತ್ತೆರಡರ ಬರದಲ್ಲಿ ಯಾರು ಕೂಸು? ಬಂಡಾಯದ ವರ್ಷ ಯಾರು ಬಾಣಂತಿ? ಗಾಂಧಿ ಅಂದರೆ 1948, ಬಂಡಾಯ ಅಂದರೆ 1980ರ ನವಲಗುಂದದ ರೈತರ ಬಂಡಾಯ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, "ಗಾಂಧಿ ಸತ್ತ ಮರುವರ್ಷ ನನ್ನ ಮದಿವಿ" ಅಂದಳು. ಆಗ ಅವಳಿಗೆ ಹನ್ನೆರಡು ಅಂತ ಲೆಕ್ಕ ಹಾಕಿ ನನಗೇ ಕೈ ನಡುಗಿತು.

ಎದುರಿಗೆ ಪುಸ್ತಕ ಹಿಡಿದು ಕೂತರೆ ಯಾರೂ ಬಾಯಿ ಬಿಡುವುದಿಲ್ಲ. ನಾನು ಆಯಿಯ ಜೊತೆ ಕಡಲೆ ಹಸನು ಮಾಡುತ್ತಾ ಕೇಳಿದೆ. "ತವರಮನ್ಯಾಗ ನಿನಗ ಏನಂತ ಕರೀತಿದ್ರು ಆಯಿ?" ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. ಮದುವೆಯಲ್ಲಿ ಅವಳ ಹೆಸರು ಬದಲಾಯಿಸಿದ್ದರು. ಹುಟ್ಟಿದ ಮನೆಯಲ್ಲಿ ಇಟ್ಟ ಹೆಸರನ್ನು ಮೆಲ್ಲಗೆ ಎರಡು ಸಲ ಹೇಳಿದಳು. "ಇದನ್ನ ಯಾರೂ ಕೇಳಿದ್ದಿಲ್ಲ ಬಿಡವಾ" ಅಂದು ಮತ್ತೆ ಹರಳು ಆರಿಸತೊಡಗಿದಳು. ನನ್ನ ಅಪ್ಪನಿಗೂ ಆ ಹೆಸರು ಗೊತ್ತಿರಲಿಲ್ಲ. ಪುಟದ ಮೇಲೆ ಆ ಹೆಸರನ್ನೇ ಮೊದಲು ಬರೆದಿದ್ದೇನೆ.

ನಮ್ಮ ಕಡೆಯವರಾಗಿದ್ದರೆ ಹೆಳವರನ್ನು ಮಾತ್ರ ಬಿಡಬೇಡಿ. ಸುಗ್ಗಿ ಮುಗಿದ ಮೇಲೆ ಬಂದು ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಾರಲ್ಲ, ಅವರು. ಮೊದಲೆಲ್ಲ ಎತ್ತಿನ ಮೇಲೆ ಬರುತ್ತಿದ್ದರು. ಜೋಳ, ಬಟ್ಟೆ, ರೊಕ್ಕ ಕೊಟ್ಟು ಕಳಿಸೋದು ರೂಢಿ. ಕಂಬಳಿ ಹಾಸಿ ಕೂಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಕೇಳಿ. ಮೂಲ ಊರು ಯಾವುದು, ಬೆಡಗು (ಕುಲದ ಕವಲು) ಯಾವುದು, ಯಾರು ಊರು ಬಿಟ್ಟು ಬಂದರು ಅನ್ನೋದು ಅವರ ಚೋಪಡಿಯಲ್ಲಿ (ವಹಿಯಲ್ಲಿ) ಸಿಗುತ್ತದೆ. ನಮ್ಮ ಮನೆಯ ಹೆಳವರು ಏಳು ತಲೆಮಾರು ಹೇಳಿದರು. ಏಳರಲ್ಲೂ ಗಂಡಸರ ಹೆಸರೇ. ಅದು ಅವರ ತಪ್ಪಲ್ಲ, ನಾವು ಬರೆಸಿದ್ದೇ ಅಷ್ಟು. ಈ ಸಲ ನಮ್ಮ ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿದೆ. ಖುಷಿಯಿಂದ ಬರೆದುಕೊಂಡರು.

ಬಾಯಿಮಾತಿಗೆ ಕಾಗದ ಜೋಡಿಸಿ. ಈಗಿನ ಉತಾರ (ಪಹಣಿ) 'ಭೂಮಿ' ವೆಬ್‌ಸೈಟಿನಲ್ಲಿ ಸಿಗುತ್ತದೆ. ಹಳೆಯದಕ್ಕೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಬೇಕು. ಧಾರವಾಡದ ಕಡೆ 1956ರವರೆಗೆ ಮುಂಬಯಿಯ ಆಡಳಿತ ಇದ್ದದ್ದರಿಂದ ತೀರಾ ಹಳೆಯ ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ ಇರಬಹುದು, ಓದಬಲ್ಲವರನ್ನು ಹುಡುಕಿ.

ಎಲ್ಲಾ ಪುಟ ತುಂಬಿದ ಮೇಲೆ ಒಂದೇ ವರ್ಷದ ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. 1972ಕ್ಕೆ ಅಪ್ಪನ ಪುಟದಲ್ಲಿ "ಧಾರವಾಡದಲ್ಲಿ ಕಾಲೇಜು" ಅಂತಿತ್ತು. ಅದೇ ವರ್ಷಕ್ಕೆ ನನ್ನ ಸೋದರತ್ತೆಯ ಪುಟದಲ್ಲಿ "ಸಾಲಿ ಬಿಡಿಸಿದರು" ಅಂತ. ಬರಗಾಲದ ಕಾಮಗಾರಿಯಲ್ಲಿ ಆಯಿ ರಸ್ತೆಗೆ ಜಲ್ಲಿ ಒಡೆಯಲು ಹೋಗುತ್ತಿದ್ದಳು. ಮನೆಯಲ್ಲಿ ಸಣ್ಣ ಕೂಸು, ಎರಡು ಎಮ್ಮೆ. ನೋಡಿಕೊಳ್ಳಲು ಹತ್ತು ವರ್ಷದ ಅತ್ತೆ. ಆಯಿ ತಂದ ಕೂಲಿಯಲ್ಲೇ ಅಪ್ಪನ ಫೀ ಹೋಯಿತು. ಅಪ್ಪ ನೌಕರಿ ಹಿಡಿದರು, ನಾನು ಟೀಚರ್ ಆದೆ. "ನಮ್ಮದು ಓದಿದ ಮನೆತನ" ಅಂತ ಊರಲ್ಲಿ ಹೇಳುತ್ತಾರೆ. ಅದರ ಬೆಲೆ ಕೊಟ್ಟವರು ಯಾರು ಅಂತ ಆ ಎರಡು ಪುಟ ಹೇಳುತ್ತವೆ.

ಪಾಲಿನ ಮಾತು ಬಂದಾಗ ಕಾಯ್ದೆಯನ್ನೂ ಬರೆಯಿರಿ. ಹಿರಿಯರ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ ಇಡೀ ದೇಶಕ್ಕೆ ತಿದ್ದುಪಡಿ ಬಂದಿದ್ದು 2005ರಲ್ಲಿ. ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು, ಆದರೆ ಅದಕ್ಕೆ ಮೊದಲು ಮದುವೆಯಾದವರಿಗೆ ಅಲ್ಲ. ಅತ್ತೆಯ ಮದುವೆ ಬಂಡಾಯದ ವರ್ಷ. 2005ರ ನಂತರ ಅವರಿಗೂ ಹಕ್ಕಿತ್ತು. 2007ರಲ್ಲಿ ಒಂದು ಸೀರೆ ಉಡಿಸಿ, ಹಕ್ಕುಬಿಟ್ಟ ಪತ್ರಕ್ಕೆ ಸಹಿ ಮಾಡಿಸಿಕೊಂಡರು. ತವರು ತಪ್ಪಬಾರದು ಅಂತ ಅತ್ತೆ ಸಹಿ ಮಾಡಿದರು. ಇದನ್ನು ಬರೆಯುವಾಗ ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೂ ಬರೆದೆ. ನೀವೂ ಬರೆಯಿರಿ.

ಕೊನೆಗೆ ಪ್ರತಿಯೊಬ್ಬರಿಗೂ ಅವರ ಪುಟ ಓದಿ ಹೇಳಿ, ತಪ್ಪಿದ್ದರೆ ಅವರೇ ಹೇಳುತ್ತಾರೆ. ಅತ್ತೆ ಕನ್ನಡಕ ಹಾಕಿಕೊಂಡು ತಮ್ಮ ಪುಟವನ್ನು ಬೆರಳಿಟ್ಟು ತಾವೇ ಓದಿದರು. "ನಾಕನೇ ಇಯತ್ತೆಗೆ ಬಿಡಿಸಿದ್ದಲ್ಲ. ಐದನೇದಕ್ಕ ಹೆಸರು ಹಚ್ಚಿದ್ರು, ಹದಿನೈದು ದಿನ ಹೋಗೀನಿ. ತಿದ್ದು" ಅಂದರು.

ತಿದ್ದಿದೆ. ಹದಿನೈದು ದಿನ ಅಂತಲೂ ಬರೆದೆ.