ಶಿಕಾಗೊ ಚಳಿಯಲ್ಲಿ ನನ್ನ ಬಾಲ್ ಪೈಥಾನ್

ಶಿಕಾಗೊ ಪಕ್ಕದ ನಮ್ಮ ಊರಲ್ಲಿ ಜನವರಿಯ ಚಳಿ ಎಂದರೆ ಸುಮ್ನೆ ಮಾತಲ್ಲ. 2019ರ ಜನವರಿ 30ರಂದು ಶಿಕಾಗೊದಲ್ಲಿ ಮೈನಸ್ 30 ಡಿಗ್ರಿ ಮುಟ್ಟಿತ್ತು. ಮನೆಯೊಳಗೆ ಹೀಟಿಂಗ್ ಇರುತ್ತದೆ, ನಾವು ಸ್ವೆಟರ್ ಹಾಕಿಕೊಂಡು 20 ಡಿಗ್ರಿಯಲ್ಲಿ ಆರಾಮಾಗಿ ಇರುತ್ತೇವೆ. ಬಾಲ್ ಪೈಥಾನ್‌ಗೆ ಅದು ಸಾಲದು. ಅದು ಘಾನಾ, ಟೋಗೊ, ಬೆನಿನ್ ಕಡೆಯ ಹಾವು. ಅಲ್ಲಿ ಗೆದ್ದಲ ಹುತ್ತದಲ್ಲೋ ಇಲಿ ಬಿಲದಲ್ಲೋ ಬೆಚ್ಚಗೆ ಇರುತ್ತದೆ. ಸುತ್ತ ಎಷ್ಟು ಬಿಸಿ ಇದೆಯೋ ಅದರ ಮೈಯೂ ಅಷ್ಟೇ ಬಿಸಿ. ಹಾಗಾಗಿ ಹಾವು ಇರುವ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 25-26 ಇರುವಂತೆ ನೋಡಿಕೊಳ್ಳುತ್ತೇನೆ. ರಾತ್ರಿಯೂ 24ರ ಕೆಳಗೆ ಇಳಿಯಲು ಬಿಡುವುದಿಲ್ಲ.

ಭಾರತದಲ್ಲಿ ಇದನ್ನು ಓದುವವರು ದಯವಿಟ್ಟು ಕೇರೆ ಹಾವು ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ನಮ್ಮ ಕಾಡು-ತೋಟದ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ನನ್ನದು ಇಲ್ಲಿ ಸಾಕಿದ ಹಾವಿಗೇ ಹುಟ್ಟಿದ ಮರಿ.

ನನ್ನ ಹತ್ತಿರ ಇರುವುದು ನಾಲ್ಕಡಿ ಉದ್ದದ ಗಾಜಿನ ಪೆಟ್ಟಿಗೆ, ಮೇಲೆ ಜಾಲರಿ ಮುಚ್ಚಳ. ಪಿವಿಸಿ ಪೆಟ್ಟಿಗೆ ಆಗಿದ್ದರೆ ಅರ್ಧ ಕಷ್ಟ ಇರುತ್ತಿರಲಿಲ್ಲ, ಆದರೆ ಅದರ ಬೆಲೆ ಕೇಳಿದರೆ ಬೇಡ ಅನ್ನಿಸುತ್ತದೆ. ಗಾಜು ಬಿಸಿಯನ್ನು ಹಿಡಿದಿಡುವುದಿಲ್ಲ. ಜಾಲರಿಯಂತೂ ಬಿಸಿ ಗಾಳಿಯನ್ನೆಲ್ಲ ಮೇಲಕ್ಕೆ ಬಿಟ್ಟುಬಿಡುತ್ತದೆ. ಮುಚ್ಚಳ ಇಲ್ಲದ ಪಾತ್ರೆಯಲ್ಲಿ ನೀರು ಕಾಯಿಸಿದ ಹಾಗೆ. ಚಳಿ ಶುರುವಾದರೆ ತುಂಬ ಜನ ಮೊದಲು ಇನ್ನೊಂದು ಹೀಟರ್ ತರುತ್ತಾರೆ. ನಾನು ಮೊದಲು ಬಿಸಿ ಎಲ್ಲಿಂದ ಸೋರುತ್ತಿದೆ ಎಂದು ಹುಡುಕುತ್ತೇನೆ.

ಪೆಟ್ಟಿಗೆಯನ್ನು ಕಿಟಕಿ ಮತ್ತು ಹೊರಗೋಡೆಯಿಂದ ದೂರ, ಒಳಗೋಡೆಗೆ ಸರಿಸಿದೆ. ನೆಲದ ಮೇಲಿಂದ ಎತ್ತಿ ಸ್ಟ್ಯಾಂಡ್ ಮೇಲಿಟ್ಟೆ, ತಣ್ಣನೆ ಗಾಳಿ ಕೆಳಗೇ ಕೂರುತ್ತದೆ ಅಲ್ವಾ. ಗೋಡೆಗೆ ಹಾಕುವ ಒಂದಿಂಚು ದಪ್ಪದ ಫೋಮ್ ಬೋರ್ಡ್ ತಂದು ಹಿಂದೆ ಮತ್ತು ಎರಡು ಪಕ್ಕ ಹೊರಗಿನಿಂದ ಅಂಟಿಸಿದೆ. ಟೇಪ್ ಹೊರಗೆ ಮಾತ್ರ. ಒಳಗೆ ಒಂದು ತುಂಡು ಇದ್ದರೂ ಹಾವಿನ ಮೈಗೆ ಅಂಟಿಕೊಂಡು, ಬಿಡಿಸುವಾಗ ಚರ್ಮ ಕಿತ್ತು ಬರಬಹುದು. ಜಾಲರಿಯ ಮುಕ್ಕಾಲು ಭಾಗಕ್ಕೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, ಹೀಟರ್ ಸುತ್ತ ಜಾಗ ಬಿಟ್ಟೆ. ಫೋಮ್‌ಗೆ ಬೆಂಕಿ ಹತ್ತುತ್ತದೆ, ಅದನ್ನು ಹೀಟರ್ ಹತ್ತಿರಕ್ಕೂ ತರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ಅಮ್ಮ ಇದನ್ನೆಲ್ಲ ನೋಡಿ, “ಅಲ್ಲ ಕಣೋ, ಹಾವಿಗೆ ರಗ್ಗು ಬೇರೆ ಹೊದಿಸ್ತೀಯಾ?” ಎಂದರು.

ಇನ್ನು ಹೀಟರ್. ಪೆಟ್ಟಿಗೆ ಅಡಿಯ ಹೀಟ್ ಮ್ಯಾಟ್ ನೆಲ ಬಿಸಿ ಮಾಡುತ್ತದೆ, ಗಾಳಿಯನ್ನಲ್ಲ. ಚಳಿಗಾಲದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹಾವಿನ ಅಡಗುತಾಣದೊಳಗೆ ಇನ್‌ಫ್ರಾರೆಡ್ ಗನ್ (ಮುಟ್ಟದೆ ಬಿಸಿ ಅಳೆಯುವ ಸಾಧನ) ಹಿಡಿದರೆ ನೆಲ 32 ತೋರಿಸುತ್ತದೆ, ಅದೇ ಹೊತ್ತಿಗೆ ಒಂದು ಗೇಣು ಮೇಲೆ ತೂಗುಬಿಟ್ಟ ಥರ್ಮಾಮೀಟರ್ 21 ಅನ್ನುತ್ತದೆ. ಹಾವನ್ನು ನೋಡಿದರೂ ಗೊತ್ತಾಗುತ್ತದೆ. ಸಂಜೆಯಾದರೂ ಹೊರಗೆ ಬರದೆ, ಹೊಟ್ಟೆಯನ್ನೆಲ್ಲ ನೆಲಕ್ಕೆ ಒತ್ತಿ, ಬಿಸಿ ತುದಿಯಲ್ಲೇ ಸುತ್ತಿಕೊಂಡಿರುತ್ತದೆ. ನೀರಿನ ಬಟ್ಟಲ ಕಡೆಗೂ ಹೋಗುವುದಿಲ್ಲ. ಗಾಳಿ ಬೆಚ್ಚಗಾಗಲಿ ಎಂದು ಮೇಲೆ 100 ವ್ಯಾಟ್‌ನ ಸೆರಾಮಿಕ್ ಹೀಟರ್ ಇಟ್ಟೆ. ಅದರಲ್ಲಿ ಬೆಳಕು ಬರುವುದಿಲ್ಲ, ರಾತ್ರಿಯಿಡೀ ಉರಿದರೂ ಹಾವಿಗೆ ತೊಂದರೆ ಇಲ್ಲ. ಹೋಲ್ಡರ್ ಮಾತ್ರ ಪಿಂಗಾಣಿಯದೇ ಬೇಕು, ಪ್ಲಾಸ್ಟಿಕ್‌ನದು ಕರಗಿಹೋಗುತ್ತದೆ. ಹಾವು ಹತ್ತಿ ಬಿಸಿ ಜಾಲರಿಗೆ ಮೂತಿ ತಾಗಿಸಬಾರದೆಂದು ಅದರ ಕೆಳಗಿದ್ದ ಕೊಂಬೆಯನ್ನೂ ತೆಗೆದೆ.

ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಯಾವ ಹೀಟರನ್ನೂ ಪ್ಲಗ್‌ಗೆ ಹಾಕಬೇಡಿ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ. ಮೈ ಸುಡುತ್ತಿದ್ದರೂ ಹಾವು ಎದ್ದು ಹೋಗದೆ ಅಲ್ಲೇ ಮಲಗಿರುವುದುಂಟು. ಮ್ಯಾಟ್‌ಗೆ ಒಂದು, ಸೆರಾಮಿಕ್‌ಗೆ ಒಂದು, ಬೇರೆ ಬೇರೆ ಥರ್ಮೋಸ್ಟಾಟ್ ಇಟ್ಟಿದ್ದೇನೆ. ಮ್ಯಾಟ್‌ನ ಪ್ರೋಬ್, ಅಂದರೆ ಥರ್ಮೋಸ್ಟಾಟ್‌ನ ಬಿಸಿ ಅಳೆಯುವ ತುದಿ, ಮ್ಯಾಟ್‌ಗೂ ಗಾಜಿಗೂ ನಡುವೆ ಇರುತ್ತದೆ. ಒಳಗಿಟ್ಟರೆ ಹಾವು ಅದನ್ನು ಸರಿಸಿಬಿಡುತ್ತದೆ, ಅದರ ಮೇಲೆ ಮೂತ್ರ ಮಾಡಿದರಂತೂ ಅಳತೆಯೇ ತಪ್ಪುತ್ತದೆ. ಹೀಟ್ ರಾಕ್ ಅಂತ ಕರೆಂಟಿನಿಂದ ಬಿಸಿಯಾಗುವ ಕಲ್ಲು ಮಾರುತ್ತಾರಲ್ಲ, ಅದರ ಕಡೆ ನೋಡಲೇಬೇಡಿ.

ಇಷ್ಟಾದ ಮೇಲೆ ಇನ್ನೊಂದು ತಲೆನೋವು: ಒಣ ಗಾಳಿ. ಮನೆಯ ಹೀಟಿಂಗ್ ಒಂದು ಕಡೆ, ಸೆರಾಮಿಕ್ ಇನ್ನೊಂದು ಕಡೆ. ತೇವಾಂಶ ಶೇ. 60ರ ಆಸುಪಾಸು ಇರಬೇಕಾದದ್ದು ಸರ್‍ರನೆ ಇಳಿಯುತ್ತದೆ, ಪೊರೆ ತುಂಡು ತುಂಡಾಗಿ ಬಿಡುತ್ತದೆ. ಇದಕ್ಕೆ ತೆಂಗಿನ ಸಿಪ್ಪೆಯ ಚೂರುಗಳನ್ನು ದಪ್ಪಗೆ ಹಾಸುತ್ತೇನೆ. ಊರಲ್ಲಿ ಬಚ್ಚಲ ಒಲೆಗೆ ಹಾಕುವ ಸಿಪ್ಪೆಗೆ ಇಲ್ಲಿ ಡಾಲರ್ ಕೊಡಬೇಕು! ನೀರನ್ನು ಮೇಲೆ ಚಿಮುಕಿಸುವ ಬದಲು ನಾಲ್ಕು ಮೂಲೆಗೆ ಸುರಿಯುತ್ತೇನೆ. ಅಡಿ ಒದ್ದೆಯಾಗುತ್ತದೆ, ಮೇಲ್ಪದರ ಒಣಗಿಯೇ ಇರುತ್ತದೆ. ಹಾವಿನ ಹೊಟ್ಟೆ ಸದಾ ಒದ್ದೆಯಲ್ಲಿದ್ದರೆ ಹುರುಪೆ ಕೊಳೆಯುತ್ತದೆ.

ಊಟದ ವಿಷಯದಲ್ಲಿ ಜಾಸ್ತಿ ಗಾಬರಿ ಬೇಡ. ದೊಡ್ಡ ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ಇಲಿ ಮುಟ್ಟುವುದಿಲ್ಲ. ಆಗಾಗ ತಕ್ಕಡಿಗೆ ಹಾಕಿ ನೋಡುತ್ತೇನೆ, ತೂಕ ಇಳಿಯದಿದ್ದರೆ ಸುಮ್ಮನಿರುತ್ತೇನೆ. ತಿಂದ ಮೇಲೆ ಮಾತ್ರ ಬಿಸಿ ತಪ್ಪಬಾರದು. ತಣ್ಣಗಾದರೆ ಜೀರ್ಣವಾಗದೆ ಇಲಿಯನ್ನು ಹಾಗೇ ಕಕ್ಕುತ್ತದೆ. ಉಸಿರಾಡುವಾಗ ಶಿಳ್ಳೆಯಂಥ ಸದ್ದು, ಬಾಯಲ್ಲಿ ನೊರೆ, ಮೂತಿ ಮೇಲೆತ್ತಿ ಬಾಯಿ ತೆರೆದು ಕೂರುವುದು, ಇವುಗಳಲ್ಲಿ ಯಾವುದು ಕಂಡರೂ ಶ್ವಾಸಕೋಶದ ಸೋಂಕು ಇರಬಹುದು. ಮನೆಮದ್ದು ಬೇಡ, ಹಾವು ನೋಡುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಕರೆಂಟ್ ಹೋದರೆ? ಪೆಟ್ಟಿಗೆ ಮೇಲೆ ಕಂಬಳಿ ಹಾಕಿ, ಬಿಸಿನೀರಿನ ಬಾಟಲಿಗಳನ್ನು ಟವೆಲ್‌ನಲ್ಲಿ ಸುತ್ತಿ ಒಳಗಿಡುತ್ತೇನೆ. ಹೊತ್ತು ಜಾಸ್ತಿಯಾದರೆ ಹಾವನ್ನು ಹತ್ತಿಯ ದಿಂಬಿನ ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಗಾಳಿಗೆ ತೂತು ಮಾಡಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಡುವುದು. ಕರೆಂಟ್ ಬಂದು ಪೆಟ್ಟಿಗೆ ಮತ್ತೆ ಬಿಸಿಯಾಗುವ ತನಕ ಊಟ ಇಲ್ಲ.

ಫೋಮ್ ಬೋರ್ಡನ್ನು ಏಪ್ರಿಲ್ ಮುಗಿಯುವ ತನಕ ತೆಗೆಯುವುದಿಲ್ಲ, ಇಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುವುದುಂಟು. ತೆಗೆದ ದಿನ ಎರಡೂ ತುದಿಯ ಉಷ್ಣಾಂಶ ಹೊಸದಾಗಿ ಅಳೆದು, ಥರ್ಮೋಸ್ಟಾಟ್ ಸರಿಮಾಡಿಕೊಳ್ಳುತ್ತೇನೆ.