ಸೀರೆ ಮೊದಲು, ಕುಚ್ಚು ಆಮೇಲೆ: ‘ಫ್ರಿಂಜ್ ಬೆನಿಫಿಟ್’ ಬಳಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಕಳೆದ ವಾರ ಒಬ್ಬಳು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದಳು: ‘ಸ್ಯಾಲರಿ ಈಸ್ ದ ಫ್ರಿಂಜ್ ಬೆನಿಫಿಟ್ ಆಫ್ ಮೈ ಫಾದರ್ಸ್ ಜಾಬ್.’ ವ್ಯಾಕರಣ ಸರಿ, ಸ್ಪೆಲ್ಲಿಂಗೂ ಸರಿ. ಅರ್ಥ ಮಾತ್ರ ತಲೆಕೆಳಗು. ಸುಮ್ನೆ ಕೆಂಪು ಗೆರೆ ಎಳೆದು ಬಿಡಲು ಮನಸ್ಸಾಗಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದವನ್ನು ಕಣ್ಣೆದುರು ತಂದುಕೊಳ್ಳಿ. ಫ್ರಿಂಜ್ ಅಂದರೆ ಬಟ್ಟೆಯ ಅಂಚಿನಲ್ಲಿ ಇಳಿಬಿದ್ದ ಎಳೆಗಳು. ನಮ್ಮ ಸೀರೆ ಸೆರಗಿನ ಕುಚ್ಚು ಇದ್ದ ಹಾಗೆ. ಕುಚ್ಚು ಇದ್ದರೆ ಚಂದ, ಇಲ್ಲದಿದ್ದರೂ ಸೀರೆ ಸೀರೆಯೇ. ಕೆಲಸದಲ್ಲಿ ಸಂಬಳ ಸೀರೆ. ಕ್ವಾರ್ಟರ್ಸ್, ವಿಮೆ, ಕ್ಯಾಂಟೀನಿನ ಊಟ ಕುಚ್ಚು. ಈ ಮಾತು ಚಾಲ್ತಿಗೆ ಬಂದದ್ದು ಎರಡನೇ ಮಹಾಯುದ್ಧದ ಕಾಲದ ಅಮೆರಿಕದಲ್ಲಿ. 1942ರಲ್ಲಿ ಅಲ್ಲಿನ ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಮಾಲೀಕರು ವಿಮೆ, ಪಿಂಚಣಿಯಂಥದ್ದನ್ನು ಕೊಡತೊಡಗಿದರು. ನಮ್ಮಲ್ಲೂ 2005ರ ಬಜೆಟ್‌ನಲ್ಲಿ ‘ಫ್ರಿಂಜ್ ಬೆನಿಫಿಟ್ ಟ್ಯಾಕ್ಸ್’ ಬಂದಿತ್ತು. ಅದನ್ನು ಕಟ್ಟಬೇಕಿದ್ದವರು ಮಾಲೀಕರು. 2009ರಲ್ಲಿ ಅದು ಹೋಯಿತು.

ಕೆಲಸದ ಆಚೆಗೂ ಈ ಮಾತು ನಡೆಯುತ್ತದೆ. ಆಗ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಸೀರೆ ಯಾವುದು? ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವುದು ಅಡಿಕೆಗಾಗಿ. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಗೂ ಆ ನೀರು ಸಿಗುತ್ತದೆ ಅಲ್ವಾ? ಅದು ಫ್ರಿಂಜ್ ಬೆನಿಫಿಟ್. ಮೆಣಸನ್ನೇ ನಂಬಿದ ಮನೆಯವರು ಇದೇ ವಾಕ್ಯ ಬರೆದರೆ ತಪ್ಪು. ಅವರಿಗೆ ಮೆಣಸೇ ಸೀರೆ.

ಮಕ್ಕಳು ಜಾಸ್ತಿ ಎಡವುವುದು ಪಕ್ಕದ ಪದಗಳಲ್ಲಿ. ಅಡಿಕೆ ಮರದಿಂದ ತಾನಾಗಿ ಬೀಳುವ ಹಾಳೆ ಬೈಪ್ರಾಡಕ್ಟ್, ಅಂದರೆ ಕೈಯಲ್ಲಿ ಹಿಡಿಯಬಹುದಾದ ವಸ್ತು. ಅದರಿಂದ ತಟ್ಟೆಯೂ ಆಗುತ್ತದೆ, ತಲೆಗೆ ಹಾಕುವ ಟೊಪ್ಪಿ ಮುಟ್ಟಾಳೆಯೂ ಆಗುತ್ತದೆ. ಹಾಳೆತಟ್ಟೆಯಲ್ಲಿ ಬಡಿಸಿದರೆ ಪಾತ್ರೆ ತೊಳೆಯುವ ಕೆಲಸ ತಪ್ಪುತ್ತದಲ್ಲ, ಆ ಅನುಕೂಲ ಫ್ರಿಂಜ್ ಬೆನಿಫಿಟ್. ಇನ್ನು ಸೈಡ್ ಎಫೆಕ್ಟ್ ಅಂದರೆ ಕೇಳಿದವರ ಮನಸ್ಸು ಮಾತ್ರೆ, ತಲೆಸುತ್ತಿನ ಕಡೆ ಹೋಗುತ್ತದೆ. ಒಳ್ಳೆಯದನ್ನು ಹೇಳುವಾಗ ಅದು ಬೇಡ.

ವಾಕ್ಯ ಕಟ್ಟಲು ‘ವನ್ ಆಫ್ ದ ಫ್ರಿಂಜ್ ಬೆನಿಫಿಟ್ಸ್ ಆಫ್’ ಎಂದು ಶುರು ಮಾಡಿ. ಬೆನಿಫಿಟ್ಸ್‌ನ ಕೊನೆಯ ‘ಸ್’ ಬಿಡಬೇಡಿ.

ಕನ್ನಡಕ್ಕೆ ತರುವಾಗ ‘ಅಂಚಿನ ಪ್ರಯೋಜನ’ ಎಂದು ದಯವಿಟ್ಟು ಬರೆಯಬೇಡಿ. ಯಾರಿಗೂ ಅರ್ಥವಾಗದು. ಕಚೇರಿಯ ಕಾಗದಕ್ಕೆ ‘ಹೆಚ್ಚುವರಿ ಸೌಲಭ್ಯ’ ಸಾಕು. ಮಾತಿಗೆ ನಮ್ಮಲ್ಲಿ ‘ಕೊಸರು’ ಇದೆ. ಬದನೆ ತೂಗಿ ಚೀಲಕ್ಕೆ ಸುರಿದ ಮೇಲೆ ಅಂಗಡಿಯವರು ಇನ್ನೆರಡು ಹಾಕುತ್ತಾರಲ್ಲ, ಅದು. ಇಷ್ಟು ಒಳ್ಳೆಯ ಪದ ಮಕ್ಕಳ ಬಾಯಿಂದ ಮರೆಯಾಗುತ್ತಿದೆ ಎಂಬುದು ನನಗೆ ನಿಜಕ್ಕೂ ಬೇಸರ.

ಹುಡುಗಿ ಮರುದಿನ ಹೊಸ ವಾಕ್ಯ ತಂದಳು. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ ಅವಳದು. ‘ವನ್ ಆಫ್ ದ ಫ್ರಿಂಜ್ ಬೆನಿಫಿಟ್ಸ್ ಆಫ್ ಗೋಯಿಂಗ್ ಟು ಸ್ಕೂಲ್ ಬೈ ಬಸ್ ಈಸ್ ದಟ್ ಐ ಲರ್ನ್ಡ್ ಮಲಯಾಳಂ.’ ‘ಟೀಚರ್, ಸೀರೆ ಯಾವುದು ಹೇಳಲಾ?’ ಎಂದು ಅವಳೇ ಕೇಳಿದಳು. ‘ಶಾಲೆಗೆ ಬರುವುದು!’